ಅಮೆರಿಕದ ಖಾತೆ, ಯುರೋಪಿನ ಖಾತೆ: ಎಲ್ಲಿ ಯಾವುದನ್ನು ನೆಚ್ಚಬೇಕು

ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೊರಟವರು ವೀಸಾ, ಮನೆ, ಆರೋಗ್ಯ ವಿಮೆ ಎಂದು ಎಲ್ಲವನ್ನೂ ಮುಂಚೆಯೇ ವಿಚಾರಿಸುತ್ತಾರೆ. ಬ್ಯಾಂಕಿನ ವಿಷಯ ಮಾತ್ರ ‘ಹೋದ ಮೇಲೆ ನೋಡಿಕೊಂಡರಾಯಿತು’ ಎಂದು ಹಿಂದೆ ಬೀಳುತ್ತದೆ. ತರಕಾರಿ ಗಾಡಿಯ ಮುಂದೆಯೂ ಯುಪಿಐ ನಡೆಯುವ ಊರಿನಿಂದ ಹೋಗುವ ನಮಗೆ, ಸಿರಿವಂತ ದೇಶಗಳಲ್ಲಿ ಇದಕ್ಕಿಂತ ಸಲೀಸಾಗಿಯೇ ಇರುತ್ತದೆ ಎಂಬ ಭರವಸೆ. ಅಮೆರಿಕದಲ್ಲಿ ಮನೆಯ ಮಾಲೀಕರು ಬಾಡಿಗೆಗೆ ಕಾಗದದ ಚೆಕ್ ಕೇಳಿದಾಗ, ಜರ್ಮನಿಯ ಬೇಕರಿಯಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಕಂಡಾಗ ಆ ಭರವಸೆ ಅಲುಗಾಡುತ್ತದೆ.

ಎರಡೂ ಕಡೆಯ ವ್ಯವಸ್ಥೆಗಳು ಬೇರೆ ಬೇರೆ ದಾರಿಯಲ್ಲಿ ಬೆಳೆದಿವೆ. ಒಂದರ ಅಭ್ಯಾಸವನ್ನು ಇನ್ನೊಂದರಲ್ಲಿ ನಡೆಸಲು ಹೋದರೆ ಹಣ ಕೈಬಿಡುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡನ್ನು ಮುಂದಿಟ್ಟು ಖಾತೆಯನ್ನು ಅದರ ಹಿಂದೆ ಕಾಪಾಡಿಕೊಳ್ಳಬೇಕು; ಯುರೋಪಿನಲ್ಲಿ ಖಾತೆಯನ್ನೇ ಮುಂದಿಟ್ಟು ಎಲ್ಲವನ್ನೂ ಅದರಿಂದಲೇ ನಡೆಸಬೇಕು. ಯುರೋಪ್ ಎಂದಾಗ ಇಲ್ಲಿ ಮುಖ್ಯವಾಗಿ ಯೂರೊ ಬಳಸುವ ದೇಶಗಳು, ಅದರಲ್ಲೂ ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಹೋಗುವ ಜರ್ಮನಿ ನನ್ನ ಮನಸ್ಸಿನಲ್ಲಿದೆ. ಬ್ರಿಟನ್ನಿನ ಪದ್ಧತಿ ಬೇರೆಯಿದ್ದಲ್ಲಿ ಅಲ್ಲಲ್ಲಿ ಸೂಚಿಸುತ್ತೇನೆ.

ಎಳೆದುಕೊಳ್ಳುವ ಹಣ, ಕಳುಹಿಸುವ ಹಣ

ಅಮೆರಿಕದ ಒಂದು ಚೆಕ್ಕನ್ನು ಗಮನವಿಟ್ಟು ನೋಡಿ. ಮೇಲೆ ಎಡಗಡೆ ನಿಮ್ಮ ಹೆಸರು, ಮನೆಯ ವಿಳಾಸ ಅಚ್ಚಾಗಿರುತ್ತದೆ. ಬಲಗಡೆ ದಿನಾಂಕ; ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ, ಆದ್ದರಿಂದ 3/7 ಎಂದರೆ ಮಾರ್ಚ್ 7. ನಡುವೆ ಯಾರಿಗೆ, ಅಂಕಿಯಲ್ಲಿ ಎಷ್ಟು, ಅಕ್ಷರದಲ್ಲಿ ಎಷ್ಟು. ಸೆಂಟ್‌ಗಳನ್ನು 50/100 ಎಂದು ಭಿನ್ನರಾಶಿಯಾಗಿ ಬರೆಯುವುದು ರೂಢಿ. ಕೆಳಗೆ ಎಡ ಮೂಲೆಯಲ್ಲಿ ‘ಏಪ್ರಿಲ್ ಬಾಡಿಗೆ’ ಎಂಬಂಥ ಟಿಪ್ಪಣಿಗೆ ಒಂದು ಗೆರೆ. ಅದಕ್ಕೂ ಕೆಳಗೆ, ಯಂತ್ರ ಓದುವ ಶಾಯಿಯಲ್ಲಿ ಬ್ಯಾಂಕನ್ನು ಗುರುತಿಸುವ ಒಂಬತ್ತು ಅಂಕಿಗಳ ರೂಟಿಂಗ್ ಸಂಖ್ಯೆ ಮತ್ತು ಅದರ ಪಕ್ಕದಲ್ಲಿ ನಿಮ್ಮ ಖಾತೆಯ ಸಂಖ್ಯೆ.

ಕೊನೆಯ ಸಾಲಿನ ಆ ಎರಡು ಸಂಖ್ಯೆಗಳಲ್ಲಿ ಅಮೆರಿಕದ ಬ್ಯಾಂಕ್ ವ್ಯವಹಾರದ ಸ್ವಭಾವವೆಲ್ಲ ಅಡಗಿದೆ. ಅಲ್ಲಿ ಹಣ ಪಡೆಯುವವರು ನಿಮ್ಮ ಖಾತೆಯಿಂದ ಎಳೆದುಕೊಳ್ಳುತ್ತಾರೆ. ವಿದ್ಯುತ್ ಕಂಪನಿ, ವಿಮಾ ಸಂಸ್ಥೆ, ಜಿಮ್ ಎಲ್ಲಕ್ಕೂ ಎಸಿಎಚ್ ಎಂಬ ಜಾಲದ ಮೂಲಕ ಹಣ ವಸೂಲು ಮಾಡಲು ಈ ಎರಡು ಸಂಖ್ಯೆಗಳು ಸಾಕು. ದುರುಳರಿಗೂ ಸಾಕು. ನಿಮ್ಮ ಅನುಮತಿಯಿಲ್ಲದೆ ಹಣ ಹೋಗಿದ್ದರೆ ಅದು ನಮೂದಾದ ಮಾಸಿಕ ಪಟ್ಟಿ ಬಂದು 60 ದಿನಗಳೊಳಗೆ ಬ್ಯಾಂಕಿಗೆ ತಿಳಿಸಬೇಕು. ತಡವಾದರೆ ಆಮೇಲಿನ ನಷ್ಟಕ್ಕೆ ನೀವೇ ಹೊಣೆಯಾಗಬಹುದು. ಅಂಚೆಪೆಟ್ಟಿಗೆಯಿಂದ ಚೆಕ್ ಕದ್ದು, ರಾಸಾಯನಿಕದಲ್ಲಿ ಶಾಯಿ ತೊಳೆದು, ಹೆಸರನ್ನೂ ಮೊತ್ತವನ್ನೂ ತಿದ್ದುವ ವಂಚನೆ ಅಲ್ಲಿ ಈಗಲೂ ದೊಡ್ಡ ಪಿಡುಗು. ಚೆಕ್ ಬರೆಯಲೇಬೇಕಾದರೆ ಸುಲಭವಾಗಿ ಅಳಿಯದ ಕಪ್ಪು ಜೆಲ್ ಪೆನ್ನಿನಲ್ಲಿ ಬರೆಯಿರಿ. ಬೀದಿಬದಿಯ ಡಬ್ಬಿಗೆ ಹಾಕುವ ಬದಲು ಅಂಚೆ ಕಚೇರಿಯೊಳಗೆ ಹೋಗಿ ಕೊಡಿ.

ಯುರೋಪಿನಲ್ಲಿ ಹಣ ಕೊಡುವವರು ಕಳುಹಿಸುತ್ತಾರೆ. ನಲ್ಲಿ ರಿಪೇರಿಗೆ ಬಂದವರ ಬಿಲ್ಲಿನ ಕೆಳಗೆ ಅವರ ಐಬ್ಯಾನ್, ಅಂದರೆ ಖಾತೆಯ ಅಂತರರಾಷ್ಟ್ರೀಯ ಸಂಖ್ಯೆ ಇರುತ್ತದೆ. ಸಂಗೀತ ಸಂಘದ ಚಂದಾ ಪತ್ರದಲ್ಲೂ ಇರುತ್ತದೆ. ಅದನ್ನು ಯಾರೂ ಗುಟ್ಟು ಮಾಡುವುದಿಲ್ಲ. ಜರ್ಮನಿಯ ಐಬ್ಯಾನ್‌ನಲ್ಲಿ 22 ಸ್ಥಾನಗಳು: ದೇಶ ಸೂಚಿಸುವ ಎರಡು ಅಕ್ಷರ, ತಾಳೆ ನೋಡುವ ಎರಡು ಅಂಕಿ, ಬ್ಯಾಂಕಿನ ಎಂಟು, ಖಾತೆಯ ಹತ್ತು. ನೆದರ್ಲೆಂಡ್ಸಿನದು 18, ಫ್ರಾನ್ಸಿನದು 27. ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ ಆ ತಾಳೆ ಅಂಕಿಗಳು ಅದನ್ನು ಅಲ್ಲೇ ಹಿಡಿಯುತ್ತವೆ. ಇದಕ್ಕೆ ಮೇಲಾಗಿ 2025ರ ಅಕ್ಟೋಬರ್ 9ರಿಂದ ಯೂರೊ ವಲಯದ ಬ್ಯಾಂಕುಗಳು ಹಣ ಹೊರಡುವ ಮೊದಲು ಐಬ್ಯಾನ್‌ಗೂ ಹೆಸರಿಗೂ ಹೊಂದಾಣಿಕೆಯಿದೆಯೇ ಎಂದು ಪರೀಕ್ಷಿಸಿ ತೋರಿಸಬೇಕು. ಹತ್ತು ಸೆಕೆಂಡಿನೊಳಗೆ ತಲುಪುವ ತಕ್ಷಣದ ವರ್ಗಾವಣೆಯನ್ನೂ ಅದೇ ದಿನದಿಂದ ಎಲ್ಲರಿಗೂ ಒದಗಿಸಬೇಕು. ಅದಕ್ಕೆ ಸಾಮಾನ್ಯ ವರ್ಗಾವಣೆಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ಬೆಂಗಳೂರಿನಲ್ಲಿ ನಾವು ಸಹಜವೆಂದು ಅನುಭವಿಸುತ್ತಿರುವುದು ಅಲ್ಲಿ ಕಾನೂನಿನ ಒತ್ತಾಯದಿಂದ ಬಂತು ಎಂಬುದನ್ನು ಗಮನಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. ಜರ್ಮನಿ, ಫ್ರಾನ್ಸ್, ಇಟಲಿ ಮುಂತಾದ ಕಡೆ ದಶಾಂಶಕ್ಕೆ ಅಲ್ಪವಿರಾಮ ಬಳಸುತ್ತಾರೆ. ಜರ್ಮನಿಯಲ್ಲಿ ಸಾವಿರಕ್ಕೆ ಚುಕ್ಕಿ. ಒಂದು ಸಾವಿರದ ಇನ್ನೂರೈವತ್ತು ಯೂರೊವನ್ನು 1.250,00 ಎಂದು ಬರೆಯುತ್ತಾರೆ. ಬಾಡಿಗೆ ಕಳುಹಿಸುವ ಮುನ್ನ ಆ ಪರದೆಯನ್ನು ಎರಡು ಸಲ ಓದಿ.

ಯುರೋಪಿನಲ್ಲೂ ಎಳೆದುಕೊಳ್ಳುವ ಪದ್ಧತಿ ಇಲ್ಲವೆಂದಲ್ಲ. ವಿದ್ಯುತ್, ಫೋನ್, ವಿಮೆಯ ಕಂತುಗಳು ‘ಸೆಪಾ’ ಎಂಬ ಯೂರೊ ಪಾವತಿ ವ್ಯವಸ್ಥೆಯ ನೇರ ಕಡಿತದಿಂದ ಹೋಗುತ್ತವೆ. ಆದರೆ ಅದರ ಜೊತೆ ಬರುವ ರಕ್ಷಣೆ ನನಗೆ ಬಹಳ ಮೆಚ್ಚುಗೆಯಾದದ್ದು: ನೀವೇ ಅನುಮತಿ ಕೊಟ್ಟಿದ್ದರೂ ಎಂಟು ವಾರಗಳೊಳಗೆ ಕಾರಣ ಹೇಳದೆ ಹಣ ವಾಪಸ್ ಪಡೆಯಬಹುದು. ಅನುಮತಿಯೇ ಇಲ್ಲದ ಕಡಿತವಾದರೆ 13 ತಿಂಗಳ ಅವಕಾಶವಿದೆ. ಹೊಸಬರು ಇದನ್ನು ತಿಳಿಯದೆ, ಜಿಮ್ ತಪ್ಪಾಗಿ ಕಡಿದ ಹಣಕ್ಕಾಗಿ ತಿಂಗಳುಗಟ್ಟಲೆ ಇಮೇಲ್ ಬರೆಯುತ್ತಾ ಕೂರುತ್ತಾರೆ. ಬ್ಯಾಂಕಿನ ಆ್ಯಪಿನಲ್ಲೇ ಆ ಕೆಲಸ ಹಲವೆಡೆ ಮುಗಿಯುತ್ತದೆ. ಒಂದು ಮಾತು ನೆನಪಿಡಿ: ಬಾಕಿ ನಿಜವಾಗಿಯೂ ಇದ್ದರೆ ಸಾಲ ಹಾಗೆಯೇ ಉಳಿಯುತ್ತದೆ.

ಗೆಳೆಯರಿಗೆ ಹಣ ಕೊಡುವುದು

ಊಟದ ಖರ್ಚು ಹಂಚಿಕೊಳ್ಳಲು ಅಮೆರಿಕದಲ್ಲಿ ಝೆಲ್ ಮತ್ತು ವೆನ್ಮೊ. ಝೆಲ್ 2017ರಲ್ಲಿ ದೊಡ್ಡ ಬ್ಯಾಂಕುಗಳೇ ಸೇರಿ ತಂದದ್ದು. ಹಣ ನಿಮಿಷಗಳಲ್ಲಿ ತಲುಪುತ್ತದೆ. ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ತನ್ನದೇ ತಕ್ಷಣದ ಪಾವತಿ ಜಾಲ ಫೆಡ್‌ನೌ ಆರಂಭಿಸಿದ್ದು 2023ರ ಜುಲೈನಲ್ಲಿ, ಅದೂ ಬ್ಯಾಂಕುಗಳು ಇಷ್ಟವಿದ್ದರೆ ಸೇರಬಹುದೆಂಬ ಷರತ್ತಿನಲ್ಲಿ. ಹೀಗಾಗಿ ಬ್ಯಾಂಕಿನಿಂದ ಬ್ಯಾಂಕಿಗೆ ಸಾಧಾರಣ ವರ್ಗಾವಣೆಗೆ ಈಗಲೂ ಒಂದರಿಂದ ಮೂರು ಕೆಲಸದ ದಿನಗಳನ್ನು ಲೆಕ್ಕಹಾಕಬೇಕು. ಅದೇ ದಿನ ದೊಡ್ಡ ಮೊತ್ತ ತಲುಪಲೇಬೇಕಾದರೆ ವೈರ್ ಎಂಬ ವರ್ಗಾವಣೆಯಿದೆ. ಅನೇಕ ಬ್ಯಾಂಕುಗಳು ಒಂದು ಸಲಕ್ಕೆ 25–30 ಡಾಲರ್ ಪಡೆಯುತ್ತವೆ.

ಯುರೋಪಿನಲ್ಲಿ ತೊಡಕು ಬೇರೆ ಬಗೆಯದು. ಸ್ಪೇನಿನಲ್ಲಿ ಬಿಜುಮ್, ಸ್ವೀಡನ್ನಿನಲ್ಲಿ ಸ್ವಿಶ್, ಪೋಲೆಂಡಿನಲ್ಲಿ ಬ್ಲಿಕ್, ಸ್ವಿಟ್ಜರ್ಲೆಂಡಿನಲ್ಲಿ ಟ್ವಿಂಟ್, ನೆದರ್ಲೆಂಡ್ಸಿನಲ್ಲಿ ಟಿಕ್ಕಿ, ಹೀಗೆ ಊರಿಗೊಂದು ಆ್ಯಪ್. ಆ ದೇಶದ ಖಾತೆಯಿಲ್ಲದೆ ಇವುಗಳಲ್ಲಿ ಹೆಚ್ಚಿನವು ತೆರೆದುಕೊಳ್ಳುವುದಿಲ್ಲ. ಸ್ವೀಡನ್ನಿಗೆ ಹೋಗುವವರು ಸ್ವಿಶ್‌ಗಿಂತ ಮೊದಲು ಬ್ಯಾಂಕ್‌ಐಡಿ ಎಂಬ ಡಿಜಿಟಲ್ ಗುರುತಿನ ಬಗ್ಗೆ ಯೋಚಿಸಬೇಕು. ವೈಯಕ್ತಿಕ ಗುರುತಿನ ಸಂಖ್ಯೆ, ಅದರ ಮೇಲೆ ಖಾತೆ, ಅದರ ಮೇಲೆ ಬ್ಯಾಂಕ್‌ಐಡಿ. ಇದು ಸಿಗುವವರೆಗೆ ಅರ್ಧ ಊರು ನಿಮಗೆ ಮುಚ್ಚಿದಂತೆಯೇ.

ಮೋಸ ಹೋದರೆ ಏನು? ನೀವೇ ಒತ್ತಿ ಕಳುಹಿಸಿದ ಹಣವನ್ನು ಝೆಲ್‌ನಿಂದ ವಾಪಸ್ ಪಡೆಯುವುದು ಕಷ್ಟ. ಈ ವಿಷಯದಲ್ಲಿ ಬ್ರಿಟನ್ ಎಲ್ಲರಿಗಿಂತ ಮುಂದಿದೆ: 2024ರ ಅಕ್ಟೋಬರ್ 7ರಿಂದ, ವಂಚಕರ ಮಾತು ನಂಬಿ ಗ್ರಾಹಕರೇ ಕಳುಹಿಸಿದ ಹಣವನ್ನೂ ಬ್ಯಾಂಕುಗಳು 85,000 ಪೌಂಡ್‌ವರೆಗೆ ತುಂಬಿಕೊಡಬೇಕೆಂಬ ನಿಯಮ ಜಾರಿಯಲ್ಲಿದೆ. ಉಳಿದವರೂ ಇದನ್ನು ಅನುಸರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾರ್ಡಿನ ಲೆಕ್ಕ

ಅಮೆರಿಕದ ಹೋಟೆಲಿನಲ್ಲಿ ಊಟವಾದ ಮೇಲೆ ಮಾಣಿ ನಿಮ್ಮ ಕಾರ್ಡನ್ನು ತೆಗೆದುಕೊಂಡು ಕಣ್ಣಿಗೆ ಕಾಣದ ಕಡೆ ಹೋಗುವುದು ಈಗಲೂ ಸಾಮಾನ್ಯ. ಸ್ವಲ್ಪ ಹೊತ್ತಿಗೆ ಎರಡು ಚೀಟಿಗಳೊಂದಿಗೆ ಮರಳುತ್ತಾರೆ. ಟಿಪ್ಸ್ ಎಷ್ಟೆಂದು ನೀವು ಬರೆದು, ಕೂಡಿಸಿ, ಸಹಿ ಹಾಕುತ್ತೀರಿ. ಅಂತಿಮ ಮೊತ್ತ ಖಾತೆಗೆ ಬರುವುದು ಆಮೇಲೆ. ಯುರೋಪಿನಲ್ಲಿ ಯಂತ್ರವೇ ಮೇಜಿಗೆ ಬರುತ್ತದೆ. ಕಾರ್ಡ್ ನಿಮ್ಮ ಕೈ ಬಿಡುವುದಿಲ್ಲ, ಪಿನ್ ನೀವೇ ಒತ್ತುತ್ತೀರಿ. ಅಂತರಜಾಲದ ಖರೀದಿಗೆ 2019ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಎರಡು ಹಂತದ ದೃಢೀಕರಣವಿದೆ, ನಮ್ಮ ಒಟಿಪಿಯ ಹಾಗೆ. ಅಮೆರಿಕದಲ್ಲಿ ಕಾರ್ಡಿನ ಸಂಖ್ಯೆ, ಅವಧಿ, ಹಿಂದಿನ ಮೂರಂಕಿ ಹೇಳಿದರೆ ಅನೇಕ ಕಡೆ ವ್ಯವಹಾರ ಮುಗಿಯುತ್ತದೆ.

ಇಷ್ಟು ಸಡಿಲವಿದ್ದರೂ ಜನ ನೆಮ್ಮದಿಯಾಗಿರುವುದು ಕ್ರೆಡಿಟ್ ಕಾರ್ಡಿಗೆ ಅಲ್ಲಿನ ಕಾನೂನು ಕೊಟ್ಟಿರುವ ರಕ್ಷಣೆಯಿಂದ. ಕ್ರೆಡಿಟ್ ಕಾರ್ಡ್ ದುರುಪಯೋಗವಾದರೆ ಗ್ರಾಹಕರ ಹೊಣೆ ಹೆಚ್ಚೆಂದರೆ 50 ಡಾಲರ್. ಕಳೆದುಹೋದ ಡೆಬಿಟ್ ಕಾರ್ಡಾದರೆ ಎರಡು ಕೆಲಸದ ದಿನಗಳೊಳಗೆ ತಿಳಿಸಿದರೆ 50, ತಡವಾದರೆ 500 ಡಾಲರ್‌ವರೆಗೆ. ಇನ್ನೂ ತಡವಾದರೆ ಮಿತಿಯೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ಕ್ರೆಡಿಟ್ ಕಾರ್ಡಿನ ವ್ಯಾಜ್ಯ ನಡೆಯುವಾಗ ಸಿಕ್ಕಿಹಾಕಿಕೊಂಡಿರುವುದು ಬ್ಯಾಂಕಿನ ಹಣ. ಡೆಬಿಟ್ ಕಾರ್ಡಿನದಾದರೆ ನಿಮ್ಮ ಬಾಡಿಗೆಯ ಹಣ. ಆದ್ದರಿಂದಲೇ ಅಮೆರಿಕದಲ್ಲಿ ಡೆಬಿಟ್ ಕಾರ್ಡನ್ನು ಎಟಿಎಂಗಷ್ಟೇ ಇಟ್ಟುಕೊಳ್ಳಿ ಎನ್ನುತ್ತೇನೆ. ಯುರೋಪಿನಲ್ಲಿ ಕಾರ್ಡ್ ಕಳೆದುಹೋಗಿ ನೀವು ತಿಳಿಸುವ ಮುನ್ನ ಆದ ನಷ್ಟದಲ್ಲಿ ನಿಮ್ಮ ಪಾಲು ಹೆಚ್ಚೆಂದರೆ 50 ಯೂರೊ, ತೀವ್ರ ನಿರ್ಲಕ್ಷ್ಯ ತೋರದಿದ್ದರೆ. ಅಲ್ಲಿ ಡೆಬಿಟ್ ಕಾರ್ಡಿಗೂ ಇದೇ ನಿಯಮ. ಹಾಗಾಗಿ ಆ ಕಾರ್ಡನ್ನೇ ನಿರಾತಂಕವಾಗಿ ಬಳಸಬಹುದು.

ಇನ್ನು ಅಮೆರಿಕದ ಕಾರ್ಡುಗಳು ಕೊಡುವ ಕ್ಯಾಶ್‌ಬ್ಯಾಕ್, ವಿಮಾನದ ಅಂಕಗಳು. ಈ ಹಣ ಬರುವುದು ಅಂಗಡಿಯವರಿಂದ. ಐರೋಪ್ಯ ಒಕ್ಕೂಟ 2015ರಲ್ಲಿ ಕಾನೂನು ಮಾಡಿ, ಪ್ರತಿ ವ್ಯವಹಾರದಲ್ಲಿ ಅಂಗಡಿಯವರ ಬ್ಯಾಂಕು ಕಾರ್ಡ್ ಕೊಟ್ಟ ಬ್ಯಾಂಕಿಗೆ ಕೊಡುವ ಶುಲ್ಕವನ್ನು ಡೆಬಿಟ್‌ಗೆ ಶೇ. 0.2, ಕ್ರೆಡಿಟ್‌ಗೆ ಶೇ. 0.3ಕ್ಕೆ ಮಿತಗೊಳಿಸಿತು. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿಯಿಲ್ಲ, ಶೇ. 2ರ ಆಸುಪಾಸು ಸಾಮಾನ್ಯ. ಅಂಗಡಿಯವರು ಅದನ್ನು ಸರಕಿನ ಬೆಲೆಗೆ ಸೇರಿಸುತ್ತಾರೆ. ಕಾರ್ಡ್ ಸಿಗದೆ ನಗದಿನಲ್ಲಿ ಕೊಳ್ಳುವ ಬಡವರೂ ಆ ಏರಿದ ಬೆಲೆ ತೆರುತ್ತಾರೆ, ಅಂಕಗಳು ಮಾತ್ರ ಉಳ್ಳವರಿಗೆ ಸೇರುತ್ತವೆ. ಇದು ನ್ಯಾಯವಲ್ಲ. ಆದರೆ ಅಲ್ಲಿದ್ದುಕೊಂಡು ಕಾರ್ಡ್ ಬಳಸದೆ ಇದ್ದರೆ ನೀವೂ ನಷ್ಟದ ಕಡೆ ನಿಲ್ಲುತ್ತೀರಿ. ಕಾರ್ಡನ್ನು ಬಳಸಿ, ಪೂರ್ತಿ ಬಾಕಿ ತಾನಾಗಿಯೇ ಪಾವತಿಯಾಗುವಂತೆ ಆ್ಯಪಿನಲ್ಲಿ ನಿಗದಿ ಮಾಡಿ. ಕನಿಷ್ಠ ಮೊತ್ತವಷ್ಟೇ ಕಟ್ಟುತ್ತಾ ಹೋದರೆ ಬಡ್ಡಿ ಎಲ್ಲ ಕ್ಯಾಶ್‌ಬ್ಯಾಕನ್ನೂ ನುಂಗಿ ಮೇಲೆ ಬೇಡುತ್ತದೆ.

ಕಾರ್ಡಿಗೆ ಅಂಟಿಕೊಂಡೇ ಬರುವುದು ಕ್ರೆಡಿಟ್ ಸ್ಕೋರ್. ಅಮೆರಿಕದಲ್ಲಿ 300ರಿಂದ 850ರವರೆಗಿನ ಫೈಕೊ ಅಂಕ ಮನೆ ಬಾಡಿಗೆಗೂ ಕಾರು ಸಾಲಕ್ಕೂ ಬೇಕು; ಭಾರತದ ಸಿಬಿಲ್ ಚರಿತ್ರೆ ಎಷ್ಟೇ ಚೆನ್ನಾಗಿದ್ದರೂ ಸಾಮಾನ್ಯವಾಗಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೊಸಬರಿಗೆ ಒಳ್ಳೆಯ ದಾರಿ ‘ಸೆಕ್ಯೂರ್ಡ್’ ಕಾರ್ಡ್. ಕೆಲವು ನೂರು ಡಾಲರ್ ಠೇವಣಿ ಇಟ್ಟು ಅಷ್ಟೇ ಮಿತಿಯ ಕಾರ್ಡ್ ಪಡೆದು, ಸಣ್ಣಪುಟ್ಟ ಖರೀದಿ ಮಾಡಿ ಪ್ರತಿ ತಿಂಗಳೂ ತೀರಿಸಿ. ಜರ್ಮನಿಯಲ್ಲಿ ಶುಫಾ ಎಂಬ ಸಂಸ್ಥೆ ಇಂಥದೇ ಅಂಕ ಕೊಡುತ್ತದೆ. ಬಾಡಿಗೆಗೆ ಮನೆ ಕೇಳುವಾಗ ಅದರ ವರದಿ ಕೇಳುತ್ತಾರೆ. ಆದರೆ ಅಲ್ಲಿ ಅಂಕ ಬೆಳೆಸಲೆಂದು ಸಾಲ ಮಾಡಬೇಕಾಗಿಲ್ಲ, ಬಾಕಿ ಉಳಿಸಿಕೊಳ್ಳದೆ ಇದ್ದರಾಯಿತು. ಫ್ರಾನ್ಸಿನಲ್ಲಿ ಅಂಕವೇ ಇಲ್ಲ. ಸಾಲ ತೀರಿಸದವರ ಪಟ್ಟಿಯನ್ನು ಕೇಂದ್ರ ಬ್ಯಾಂಕ್ ಇಟ್ಟುಕೊಂಡಿರುತ್ತದೆ, ಅದರಲ್ಲಿ ಹೆಸರಿಲ್ಲದಿದ್ದರೆ ಸಂಬಳದ ಚೀಟಿ ನೋಡಿ ಮಾತು ಮುಂದುವರಿಯುತ್ತದೆ.

ಶುಲ್ಕ ಯಾರ ಜೇಬಿನಿಂದ

ಅಮೆರಿಕದ ದೊಡ್ಡ ಬ್ಯಾಂಕುಗಳ ದಿನಬಳಕೆಯ ಖಾತೆಗೆ ತಿಂಗಳ ಶುಲ್ಕವಿರುತ್ತದೆ. ಕನಿಷ್ಠ ಮೊತ್ತ ಉಳಿಸಿಕೊಂಡರೆ ಅಥವಾ ಸಂಬಳ ನೇರವಾಗಿ ಜಮೆಯಾಗುತ್ತಿದ್ದರೆ ಅದು ಮಾಫಿ. ಖಾತೆಯಲ್ಲಿ ಹಣವಿಲ್ಲದಿದ್ದಾಗ ವ್ಯವಹಾರ ನಡೆದರೆ ಒಂದು ಸಲಕ್ಕೆ 35 ಡಾಲರ್‌ನಷ್ಟು ಓವರ್‌ಡ್ರಾಫ್ಟ್ ದಂಡ ಹಾಕುವ ಬ್ಯಾಂಕುಗಳು ಈಗಲೂ ಇವೆ. ನಾಲ್ಕು ಡಾಲರ್ ಕಾಫಿಗೆ 35 ಡಾಲರ್ ದಂಡ! ಗ್ರಾಹಕ ರಕ್ಷಣಾ ಸಂಸ್ಥೆ ದೊಡ್ಡ ಬ್ಯಾಂಕುಗಳಿಗೆ ಇದನ್ನು 5 ಡಾಲರ್‌ಗೆ ಮಿತಗೊಳಿಸುವ ನಿಯಮ ರೂಪಿಸಿತ್ತು; ಜಾರಿಗೆ ಬರುವ ಮುನ್ನವೇ 2025ರಲ್ಲಿ ಅಲ್ಲಿನ ಸಂಸತ್ತು ಅದನ್ನು ರದ್ದುಪಡಿಸಿತು. ಕೆಲವು ಬ್ಯಾಂಕುಗಳು ಈ ದಂಡವನ್ನು ತಾವಾಗಿಯೇ ಕೈಬಿಟ್ಟಿವೆ. ಖಾತೆ ಆರಿಸುವಾಗ ಬಡ್ಡಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಜರ್ಮನಿಯಲ್ಲೂ ಖಾತೆ ನಿರ್ವಹಣೆಗೆ ತಿಂಗಳಿಗೆ ಕೆಲವು ಯೂರೊ ಕೇಳುವ ಬ್ಯಾಂಕುಗಳು ಹಲವು. ಅಲ್ಲಿ ಹಣ ಮುಗಿದರೆ ದಂಡದ ಬದಲು ‘ಡಿಸ್ಪೊ’ ಎಂಬ ಸಾಲಕ್ಕೆ ದಿನಲೆಕ್ಕದಲ್ಲಿ ಬಡ್ಡಿ, ವರ್ಷಕ್ಕೆ ಶೇ. 10 ಮೀರುವುದು ಸಾಮಾನ್ಯ. ದುಬಾರಿಯೇ, ಆದರೂ ಮೂರು ದಿನ ಇಪ್ಪತ್ತು ಯೂರೊ ಕಡಿಮೆಯಾದರೆ ಕೆಲವು ಸೆಂಟ್‌ಗಳಲ್ಲಿ ಮುಗಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಹಕ್ಕಿನದು. ಐರೋಪ್ಯ ಒಕ್ಕೂಟದ 2014ರ ನಿರ್ದೇಶನದ ಪ್ರಕಾರ ಕಾನೂನುಬದ್ಧವಾಗಿ ಅಲ್ಲಿ ವಾಸಿಸುವ ಯಾರಿಗೇ ಆಗಲಿ ಮೂಲ ಖಾತೆ ಪಡೆಯುವ ಹಕ್ಕಿದೆ. ಖಾಯಂ ವಿಳಾಸವಿಲ್ಲದವರಿಗೂ ಆಶ್ರಯ ಕೋರಿ ಬಂದವರಿಗೂ ಇದೆ. ಅಮೆರಿಕದಲ್ಲಿ ಅಂಥ ಹಕ್ಕಿಲ್ಲ. ಅಲ್ಲಿನ ಠೇವಣಿ ವಿಮಾ ನಿಗಮ 2023ರಲ್ಲಿ ನಡೆಸಿದ ಸಮೀಕ್ಷೆಯಂತೆ ಶೇ. 4.2ರಷ್ಟು ಕುಟುಂಬಗಳಿಗೆ, ಅಂದರೆ ಸುಮಾರು 56 ಲಕ್ಷ ಮನೆಗಳಿಗೆ, ಬ್ಯಾಂಕ್ ಖಾತೆಯೇ ಇರಲಿಲ್ಲ. ಖಾತೆಯಿಲ್ಲದವರು ಸಂಬಳದ ಚೆಕ್ಕನ್ನು ನಗದು ಮಾಡಿಕೊಳ್ಳಲೂ ಅಂಗಡಿಗಳಲ್ಲಿ ಶುಲ್ಕ ತೆರುತ್ತಾರೆ.

ಹಾಗಾದರೆ ಯಾವ ಖಾತೆ?

ಅಮೆರಿಕಕ್ಕೆ ಹೋಗುವವರು ಮೊದಲು ಒಂದು ಶಾಖೆಗೆ ಹೋಗುವುದೇ ಒಳ್ಳೆಯದು. ಸೋಷಿಯಲ್ ಸೆಕ್ಯೂರಿಟಿ ಎಂಬ ಸರ್ಕಾರಿ ಗುರುತಿನ ಸಂಖ್ಯೆ ಬರುವ ಮುನ್ನವೇ ಪಾಸ್‌ಪೋರ್ಟ್, ವೀಸಾ, ವಿಳಾಸದ ದಾಖಲೆ ನೋಡಿ ಖಾತೆ ತೆರೆಯುವ ಬ್ಯಾಂಕುಗಳಿವೆ. ಆನ್‌ಲೈನ್ ಬ್ಯಾಂಕುಗಳು ಸಾಮಾನ್ಯವಾಗಿ ಆ ಸಂಖ್ಯೆಯನ್ನೇ ಕೇಳುತ್ತವೆ. ವಿದ್ಯಾರ್ಥಿಗಳಾದರೆ ಶುಲ್ಕವಿಲ್ಲದ ವಿದ್ಯಾರ್ಥಿ ಖಾತೆ, ಇಲ್ಲವೇ ವಿಶ್ವವಿದ್ಯಾಲಯದ ಕ್ರೆಡಿಟ್ ಯೂನಿಯನ್. ನಮ್ಮ ಸಹಕಾರಿ ಪತ್ತಿನ ಸಂಘಗಳಂತೆ ಸದಸ್ಯರದೇ ಒಡೆತನದ ಈ ಸಂಸ್ಥೆಗಳಲ್ಲಿ ದಂಡ, ಶುಲ್ಕ ಕಡಿಮೆ. ಕಾರು ಸಾಲದ ಬಡ್ಡಿಯೂ ಹಿತ. ನನ್ನನ್ನು ಕೇಳಿದರೆ ಇದೇ ಮೊದಲ ಆಯ್ಕೆ. ಆರು ತಿಂಗಳ ಖರ್ಚಿನಷ್ಟು ಹಣ ಕೂಡಿದ ಮೇಲೆ ಹೆಚ್ಚು ಬಡ್ಡಿ ಕೊಡುವ ಆನ್‌ಲೈನ್ ಉಳಿತಾಯ ಖಾತೆಯನ್ನು ಪಕ್ಕದಲ್ಲಿ ತೆರೆಯಿರಿ. ಉಳಿತಾಯವೆಲ್ಲ ಅಲ್ಲಿರಲಿ. ಬಿಲ್ಲುಗಳು ಎಳೆದುಕೊಳ್ಳುವ ಖಾತೆಯಲ್ಲಿ ತಿಂಗಳಿಗೆ ಬೇಕಾದಷ್ಟೇ ಇರಲಿ.

ಜರ್ಮನಿಗೆ ಹೋಗುವ ವಿದ್ಯಾರ್ಥಿಗಳಿಗೆ ಊರು ಬಿಡುವ ಮೊದಲೇ ಬ್ಲಾಕ್ ಮಾಡಿದ ಖಾತೆಯ ಪರಿಚಯವಾಗಿರುತ್ತದೆ. ವರ್ಷಕ್ಕೆ 11,904 ಯೂರೊ ತುಂಬಿದರೆ ತಿಂಗಳಿಗೆ 992 ಬಿಡುಗಡೆಯಾಗುತ್ತದೆ (ಈ ಮೊತ್ತ ಆಗಾಗ ಏರುವುದರಿಂದ ಅರ್ಜಿಗೆ ಮುನ್ನ ಮತ್ತೆ ನೋಡಿ). ಆ ಹಣ ಬಂದು ಬೀಳಲು ಅಲ್ಲಿ ಒಂದು ಮಾಮೂಲಿ ಖಾತೆ, ‘ಗಿರೋಕೊಂಟೊ’ ಬೇಕು. ಎನ್26, ರೆವಲ್ಯೂಟ್‌ನಂಥ ಮೊಬೈಲ್ ಬ್ಯಾಂಕುಗಳು ಬೇಗ ತೆರೆದುಕೊಳ್ಳುತ್ತವೆ, ಇಂಗ್ಲಿಷಿನಲ್ಲಿ ನಡೆಯುತ್ತವೆ. ಸ್ಪಾರ್ಕಾಸ್ಸೆಯಂಥ ಊರಿನ ಬ್ಯಾಂಕಿಗೆ ತಿಂಗಳ ಶುಲ್ಕವಿರಬಹುದು, ಆದರೆ ತನ್ನ ಜಾಲದ ಎಟಿಎಂಗಳು ಎಲ್ಲೆಲ್ಲೂ ಇವೆ ಮತ್ತು ಅದರ ಗಿರೋಕಾರ್ಡನ್ನು ಬೇರೆ ಕಾರ್ಡ್ ತೆಗೆದುಕೊಳ್ಳದ ಸಣ್ಣ ಅಂಗಡಿಗಳೂ ಸ್ವೀಕರಿಸುತ್ತವೆ. ನಗದನ್ನು ಇನ್ನೂ ಬಿಡದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಮೊದಲ ವಾರಗಳಿಗೆ ಮೊಬೈಲ್ ಬ್ಯಾಂಕ್, ವಿಳಾಸ ನೋಂದಣಿಯಾದ ಮೇಲೆ ಊರಿನ ಬ್ಯಾಂಕ್ ಎಂಬುದು ನನ್ನ ಸಲಹೆ. ನಿಮ್ಮ ಐಬ್ಯಾನ್ ಬೇರೆ ದೇಶದ ಅಕ್ಷರಗಳಿಂದ ಆರಂಭವಾಗುತ್ತದೆಂದು ಉದ್ಯೋಗದಾತರೋ ಫೋನ್ ಕಂಪನಿಯೋ ತಿರಸ್ಕರಿಸಿದರೆ ಅದು ಒಕ್ಕೂಟದ ಕಾನೂನಿಗೆ ವಿರುದ್ಧ. ಅದನ್ನು ಬರಹದಲ್ಲಿ ತಿಳಿಸಿ, ಅನೇಕರು ಅಷ್ಟಕ್ಕೇ ಸರಿಹೋಗುತ್ತಾರೆ.

ಠೇವಣಿಯ ಸುರಕ್ಷತೆಯಲ್ಲಿ ಎರಡೂ ಕಡೆ ಹೆದರಬೇಕಾಗಿಲ್ಲ. ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಮೆರಿಕದಲ್ಲಿ 2,50,000 ಡಾಲರ್, ಐರೋಪ್ಯ ಒಕ್ಕೂಟದಲ್ಲಿ 1,00,000 ಯೂರೊ, ಬ್ರಿಟನ್ನಿನಲ್ಲಿ 2025ರ ಡಿಸೆಂಬರ್‌ನಿಂದ 1,20,000 ಪೌಂಡ್‌ವರೆಗೆ ಖಾತರಿಯಿದೆ. ಭಾರತದಲ್ಲಿ ಇದು 5 ಲಕ್ಷ ರೂಪಾಯಿ.

ಊರಿನ ಖಾತೆ, ಊರಿಗೆ ಹಣ

ಕರ್ನಾಟಕದಲ್ಲಿರುವ ಉಳಿತಾಯ ಖಾತೆಯನ್ನು ಹೊರದೇಶದಲ್ಲಿ ನೆಲೆಸಿದ ಮೇಲೆ ಹಾಗೆಯೇ ಮುಂದುವರಿಸುವಂತಿಲ್ಲ. ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅಲ್ಲಿ ದುಡಿದು ಕಳುಹಿಸುವ ಹಣಕ್ಕೆ ಎನ್‌ಆರ್‌ಇ ಖಾತೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ ಎಂದು ನೆಮ್ಮದಿಯಾಗಿರುವವರು, ಅಮೆರಿಕದ ತೆರಿಗೆ ನಿವಾಸಿಗಳಾಗಿದ್ದರೆ ಅಲ್ಲಿ ಅದಕ್ಕೆ ತೆರಿಗೆ ಕಟ್ಟಬೇಕೆಂಬುದನ್ನು ಮರೆಯಬಾರದು. ಅಮೆರಿಕದ ಹೊರಗಿನ ಎಲ್ಲ ಖಾತೆಗಳ ಮೊತ್ತ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ಮೀರಿದ್ದರೆ ಎಫ್‌ಬಾರ್ ಎಂಬ ವಿವರವನ್ನೂ ಸಲ್ಲಿಸಬೇಕು. ಅಪ್ಪನ ಜೊತೆಗಿನ ಜಂಟಿ ಖಾತೆಯೂ ಇದರಲ್ಲಿ ಸೇರುತ್ತದೆ. ಕಟ್ಟಬೇಕಾದ ತೆರಿಗೆ ಇರಲಿ ಬಿಡಲಿ, ವಿವರ ಕೊಡದಿದ್ದರೆ ದಂಡ ಭಾರಿ.

2026ರ ಜನವರಿ 1ರಿಂದ ಅಮೆರಿಕದಿಂದ ಹೊರಗೆ ಕಳುಹಿಸುವ ಹಣಕ್ಕೆ ಶೇ. 1ರ ತೆರಿಗೆ ಬಂದಿದೆ. ಅದು ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಕಳುಹಿಸಿದರೆ ಮಾತ್ರ. ಅಲ್ಲಿನ ಬ್ಯಾಂಕ್ ಖಾತೆಯಿಂದಲೋ ಅಲ್ಲಿನ ಕಾರ್ಡಿನಿಂದಲೋ ಕಳುಹಿಸಿದರೆ ಇಲ್ಲ. ಎರಡೂ ಖಂಡಗಳಿಂದ ಹಣ ಕಳುಹಿಸುವಾಗ ನೋಡಬೇಕಾದದ್ದು ‘ಶುಲ್ಕವಿಲ್ಲ’ ಎಂಬ ಸಾಲನ್ನಲ್ಲ, ಕೊನೆಗೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬುದನ್ನು.

ಅಮೆರಿಕದಿಂದ ಯುರೋಪಿಗೆ ಸ್ಥಳ ಬದಲಿಸುವವರಿಗೆ ಎರಡು ಮಾತು. ಗ್ರೀನ್ ಕಾರ್ಡ್ ಅಥವಾ ಅಲ್ಲಿನ ಪೌರತ್ವ ಇದ್ದರೆ, ಅಂಥವರ ಖಾತೆಗಳ ವಿವರವನ್ನು ಅಮೆರಿಕಕ್ಕೆ ಒಪ್ಪಿಸಬೇಕೆನ್ನುವ 2010ರ ಫಾಟ್ಕಾ ಕಾನೂನಿನ ವರದಿಯ ಹೊರೆಗೆ ಅಂಜಿ ಯುರೋಪಿನ ಕೆಲವು ಬ್ಯಾಂಕುಗಳು ನಿಮ್ಮನ್ನು ಗ್ರಾಹಕರಾಗಿ ಒಪ್ಪಲು ಹಿಂಜರಿಯುತ್ತವೆ. ವಿಚಾರಿಸಿಯೇ ಅರ್ಜಿ ಹಾಕಿ. ವಾರ್ಷಿಕ ಶುಲ್ಕವಿಲ್ಲದ ಹಳೆಯ ಅಮೆರಿಕದ ಕಾರ್ಡೊಂದನ್ನು ಮುಚ್ಚದೆ ಉಳಿಸಿಕೊಳ್ಳಿ, ಮರಳಿ ಹೋದಾಗ ಸ್ಕೋರಿನ ಇತಿಹಾಸ ಉಳಿದಿರುತ್ತದೆ. ಯುರೋಪಿನಿಂದ ಹೊರಡುವವರು ಗಿರೋಕೊಂಟೊ ಮುಚ್ಚಲು ಅವಸರ ಮಾಡಬೇಡಿ. ಮನೆಯ ಮುಂಗಡ, ತಾಪನ ಮತ್ತು ನೀರಿನ ವಾರ್ಷಿಕ ಲೆಕ್ಕದ ಮರುಪಾವತಿ, ಆದಾಯ ತೆರಿಗೆಯ ಮರುಪಾವತಿ ಎಲ್ಲವೂ ನೀವು ಹೊರಟ ಎಷ್ಟೋ ತಿಂಗಳ ಮೇಲೆ ಅದೇ ಐಬ್ಯಾನ್‌ಗೆ ಬರುತ್ತವೆ. ಅವೆಲ್ಲ ಜಮೆಯಾದ ಮೇಲೆ ಖಾತೆ ಮುಚ್ಚುವ ಪತ್ರ ಬರೆಯಿರಿ.